ತಪ್ಪಿನ ಕಟ್ಟೆ

ಹಾಲಗಟ್ಟಿ ಊರಿನ ಪಡುವಣ ಅಂಚಿನಲ್ಲಿ ಒಂದು ಹಳೆಯ ಬೇವಿನ ಮರ, ಅದರ ಬುಡದ ಸುತ್ತ ಕರಿಗಲ್ಲಿನ ಕಟ್ಟೆ. ಅದನ್ನು ತಪ್ಪಿನ ಕಟ್ಟೆ ಎಂದು ಕರೆಯುತ್ತಾರೆ. ಹಿಂದೆ ಪಂಚರು ಅಲ್ಲಿ ಕುಳಿತು ತಪ್ಪಿತಸ್ಥರಿಗೆ ದಂಡ ವಿಧಿಸುತ್ತಿದ್ದಿರಬೇಕೆಂದು ಹೊಸಬರು ಊಹಿಸುವುದುಂಟು. ಊರ ಹಿರಿಯರು ನಕ್ಕು, ಅಲ್ಲಿ ತಪ್ಪು ಮಾಡಿದವಳು ಜಾನಪದ ಓದುತ್ತಿದ್ದ ಹುಡುಗಿ, ಅದನ್ನು ಹಿಡಿದವಳು ನಮ್ಮ ಕೆಂಚವ್ವ ಎನ್ನುತ್ತಾರೆ.

ಹಿಂದೆ ಒಮ್ಮೆ, ಗಿರಣಿ ಬಂದು ಬೀಸುವ ಕಲ್ಲುಗಳು ಮೂಲೆ ಸೇರುತ್ತಿದ್ದ ಕಾಲದಲ್ಲಿ, ಮಹಬೂಬಿ ಎಂಬ ವಿದ್ಯಾರ್ಥಿನಿ ಬೀಸುವಾಗ ಹಾಡುವ ಪದಗಳನ್ನು ಬರೆದುಕೊಳ್ಳಲು ವಿಶ್ವವಿದ್ಯಾಲಯದಿಂದ ಬಂದಳಂತೆ. ಏಳು ಅಣ್ಣಂದಿರ ಒಬ್ಬಳೇ ತಂಗಿಯ ಪದ ಪೂರ್ತಿ ಬರುತ್ತಿದ್ದುದು ಮುದುಕಿ ಕೆಂಚವ್ವನಿಗೆ ಮಾತ್ರ. ಕಟ್ಟೆಯ ಮೇಲೆ ಕುಳಿತು ಆಕೆ ಹಾಡಿದಳು, ಹುಡುಗಿ ಬರೆದಳು. ಪದ ಅರ್ಧವಾಗುವಷ್ಟರಲ್ಲಿ ಪರೀಕ್ಷೆ ಬಂತು. ಉಳಿದದ್ದಕ್ಕೆಂದು ಮಹಬೂಬಿ ಮರಳಿದಾಗ ಕೆಂಚವ್ವನಿಗೆ ಲಕ್ವಾ ಹೊಡೆದಿತ್ತು.

"ಮಾತು ನಿಂತು ಐದು ತಿಂಗಳಾತು ತಂಗಿ," ಎಂದಳು ಸೊಸೆ ಬಸಲಿಂಗವ್ವ. "ನಮ್ಮನ್ನ ಗುರುತು ಹಿಡಿತಾಳೋ ಇಲ್ಲೋ, ಅದೂ ತಿಳಿವಲ್ದು."

ಮಹಬೂಬಿ ಚೀಲದಿಂದ ಪದ ಬರೆದುಕೊಂಡಿದ್ದ ಪುಸ್ತಕ ತೆಗೆದಳು. ಆಮೇಲೆ, "ಆಯಿ ಹೇಳಿದಷ್ಟನ್ನ ಆಕಿಗೇ ಓದಿ ಹೇಳತೀನಿ ಅಕ್ಕ. ಉಳಿದದ್ದು ಹೋದರ ಹೋಗಲಿ," ಎಂದಳು.

ಅಂದಿನಿಂದ ದಿನವೂ ಸಂಜೆ ಇಬ್ಬರೂ ಸೇರಿ ಮುದುಕಿಯನ್ನು ಕಟ್ಟೆಗೆ ಕರೆತಂದು ಕೂರಿಸುತ್ತಿದ್ದರು. ಹುಡುಗಿ ಓದುತ್ತಿದ್ದಳು, ಮುದುಕಿಯ ಕಣ್ಣು ಎಲ್ಲೋ ಇರುತ್ತಿತ್ತು. ಆರನೆಯ ಸಂಜೆ, ತಂಗಿಗೆ ಹಿರಿಯಣ್ಣ ಬಳೆ ತಂದ ಎಂದು ಓದಿದಾಗ, ಪಕ್ಕದಿಂದ ಒರಟಾದ ದನಿಯೊಂದು ಬಂತು.

"ತಪ್ಪು."

ಬಸಲಿಂಗವ್ವನ ಕೈಯ ಮೊರ ಕೆಳಗೆ ಬಿತ್ತು. ಕೆಂಚವ್ವ ತಡವರಿಸಿ, "ಕಿರಿಯಣ್ಣ," ಎಂದಳು.

ಆ ಸುದ್ದಿ ಊರೆಲ್ಲ ಹಬ್ಬಿ, ಹೆಂಗಸರು ಕಟ್ಟೆಗೆ ನೆರೆಯತೊಡಗಿದರು. ಪದದ ಉಳಿದರ್ಧವನ್ನು ಅರ್ಧಂಬರ್ಧ ಕೇಳಿದ್ದವರು ತಮಗೆ ನೆನಪಾದ ಒಂದೊಂದು ಸಾಲು ಹೇಳುವರು. ಕೆಂಚವ್ವ "ತಪ್ಪು, ತಪ್ಪು" ಎನ್ನುವಳು. ಸುಮ್ಮನಿದ್ದರೆ ಆ ಸಾಲು ಸರಿ ಎಂದರ್ಥ. ಹೀಗೆ ಇಪ್ಪತ್ತು ದಿನಗಳಲ್ಲಿ ಪದ ಕೊನೆಯ ಸಾಲಿನವರೆಗೆ ಬಂದು ನಿಂತಿತು. ಗಂಡನ ಮನೆಗೆ ಹೊರಟ ತಂಗಿ ಅಣ್ಣಂದಿರಿಗೆ ಏನು ಹೇಳಿದಳು? ಯಾರು ಏನು ಹೇಳಿದರೂ ತಪ್ಪು. ಮರುದಿನ ತನ್ನೂರಿಗೆ ಮರಳಬೇಕಿದ್ದ ಮಹಬೂಬಿ, ತಾನೂ ನಾಲ್ವರು ಅಣ್ಣಂದಿರ ತಂಗಿಯಾಗಿದ್ದವಳು, ಬಾಯಿಗೆ ಬಂದದ್ದನ್ನು ಮೆಲ್ಲನೆ ಅಂದಳು: "ನಾ ಬಂದರ ಒಬ್ಬರಾದರೂ ಎದ್ದು ಬಾಗಿಲಿಗೆ ಬರ್ರಿ."

ಕೆಂಚವ್ವ ತಪ್ಪು ಎನ್ನಲಿಲ್ಲ. ಎಡಗೈಯನ್ನು ಎತ್ತಿ ಹುಡುಗಿಯ ತಲೆಯ ಮೇಲಿಟ್ಟಳು.

ಅದೇ ನಿಜವಾದ ಸಾಲು ಎಂದು ಕೆಲವರು, ಹುಡುಗಿಯ ಮೇಲಿನ ಅಕ್ಕರೆಗೆ ಮುದುಕಿ ಅದೊಂದು ತಪ್ಪನ್ನು ಬಿಟ್ಟುಕೊಟ್ಟಳೆಂದು ಕೆಲವರು ಇಂದಿಗೂ ವಾದಿಸುತ್ತಾರೆ. ಕಟ್ಟೆಗೆ ಹೋದವರು ಈಗಲೂ ಅಲ್ಲಿ ಸಂಜೆ ಹೆಂಗಸರು ಆ ಪದ ಹೇಳುವುದನ್ನು ಕಾಣಬಹುದು. ಕೊನೆಯ ಸಾಲು ಮುಗಿದ ಮೇಲೆ ಅವರು ತಟ್ಟನೆ ಏಳುವುದಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಕಾಯುತ್ತಾರೆ. ಯಾರೂ ಏನೂ ಅನ್ನದಿದ್ದಾಗ, ಸೆರಗು ಕೊಡವಿಕೊಂಡು ಮನೆಗೆ ನಡೆಯುತ್ತಾರೆ.