ಸಗಣಿ ಹುಳದ ಅವ್ವನಿಗೆ ಕೊಂಬು ಬಂದದ್ದು

ಭೂಮಿಯ ಹಸಿ ಇನ್ನೂ ಆರಿರಲಿಲ್ಲ. ಬಯಲಿನಲ್ಲಿ ಆಗ ಇದ್ದದ್ದು ಒಂದು ಎಮ್ಮೆ, ಅದರದೊಂದು ಕರು. ಎಮ್ಮೆ ಹಾಕಿದ ಸಗಣಿಯಲ್ಲೇ ಸಗಣಿ ಹುಳುಗಳೆಲ್ಲ ಬದುಕಬೇಕಿತ್ತು.

ಆಗ ಕೊಂಬು ಇದ್ದದ್ದು ಗಂಡುಹುಳುಗಳಿಗೆ ಮಾತ್ರ. ಹೆಣ್ಣಿಗಾಗಿ ಅವು ಕಾದಾಡುತ್ತಿದ್ದವು, ಗೆದ್ದವನೇ ಮದುಮಗ. ಹೆಣ್ಣುಗಳದ್ದು ನುಣ್ಣನೆಯ ತಲೆ. ಸಗಣಿಯ ಕೆಳಗೆ ಬಿಲ ತೋಡಿ, ಉಂಡೆ ಮಾಡಿ, ಅದರೊಳಗೆ ಒಂದು ಮೊಟ್ಟೆ ಇಡುತ್ತಿದ್ದವು. ಮರಿಗೆ ಆ ಉಂಡೆಯೇ ಮನೆ, ಉಂಡೆಯೇ ಊಟ.

ಕಲ್ಲವ್ವ ಎಂಬ ಹೆಣ್ಣುಹುಳು ಒಂದು ದಿನ ಉಂಡೆ ಮಾಡಿ, ಒಳಗೆ ಮೊಟ್ಟೆಯಿಟ್ಟು ಮೇಲೆ ಬಂದಳು. ತಿರುಗಿ ಹೋಗಿ ನೋಡಿದರೆ ಉಂಡೆಯಿಲ್ಲ! ಪಕ್ಕದ ಬಿಲದ ದುರುಗವ್ವ ಎಳೆದುಕೊಂಡು ಹೋಗಿದ್ದಳು. ಅವಳು ಕಿತ್ತೆಸೆದ ಮೊಟ್ಟೆ ಬರಿ ಮಣ್ಣಿನ ಮೇಲೆ ಬಿದ್ದು ಒಣಗಿತ್ತು.

ಕಲ್ಲವ್ವ ಅತ್ತಳು. ಆಮೇಲೆ ಗಂಡನ ಹತ್ತಿರ ಹೋದಳು.

"ನಿನಗೆ ಕೊಂಬಿದೆಯಲ್ಲ, ಬಿಲದ ಬಾಯಲ್ಲಿ ನಿಲ್ಲು."

"ಈ ಕೊಂಬು ಮದುವೆಗೆ, ಕಾವಲಿಗಲ್ಲ," ಎಂದ ಗಂಡ.

ಅವಳು ಎಮ್ಮೆಯನ್ನು ಕೇಳಿದಳು: "ಅಕ್ಕಾ, ನಿನಗೆ ಕೊಂಬು ಹೇಗೆ ಬಂತು?"

"ಹುಲಿ ಬಂದಾಗಲೆಲ್ಲ ಕರುವಿನ ಮುಂದೆ ತಲೆ ತಗ್ಗಿಸಿ ನಿಂತೆ, ತಂಗಿ. ನಿಂತೂ ನಿಂತೂ ಬಂತು."

ಕಲ್ಲವ್ವ ಹೊಸ ಉಂಡೆ ಮಾಡಿದಳು, ಹೊಸ ಮೊಟ್ಟೆ ಇಟ್ಟಳು, ಬಿಲದ ಬಾಯಲ್ಲಿ ನಿಂತಳು. ದುರುಗವ್ವ ಬಂದೇ ಬಂದಳು.

"ದಾರಿ ಬಿಡು!"

"ಬಿಡುವುದಿಲ್ಲ. ಒಳಗೆ ನನ್ನ ಮಗುವಿದೆ."

ಇಬ್ಬರೂ ತಲೆಗೆ ತಲೆ ಕೊಟ್ಟು ನೂಕಿದರು. ಮೊದಲ ದಿನ ಕಲ್ಲವ್ವನ ಹಣೆ ತರಚಿತು. ಮರುದಿನ ಬಾತುಕೊಂಡಿತು.

"ನೋಯುತ್ತದೆ, ಬಿಟ್ಟುಬಿಡು," ಎಂದಿತು ಗಾಳಿ.

"ನೋಯಲಿ," ಎಂದಳು ಕಲ್ಲವ್ವ.

ದುರುಗವ್ವ ಬಂದಾಗಲೆಲ್ಲ ಅವಳು ನಿಂತಳು. ಬಾವು ಗಟ್ಟಿಯಾಯಿತು, ಚೂಪಾಯಿತು. ಒಂದು ಬೆಳಿಗ್ಗೆ ಅದು ಕಪ್ಪಗೆ ಹೊಳೆಯುವ ಕೊಂಬಾಗಿತ್ತು! ಅವತ್ತು ಆ ಕೊಂಬಿನ ಏಟಿಗೆ ದುರುಗವ್ವ ಮೇಲಕ್ಕೆ ಹಾರಿ, ಅಂಗಾತ ಬಿದ್ದು ಕಾಲು ಬಡಿದಳು. ಕಲ್ಲವ್ವನೇ ಅವಳನ್ನು ಮಗುಚಿ ನಿಲ್ಲಿಸಿ, "ಹೋಗು, ನಿನ್ನ ಉಂಡೆ ನೀನು ಮಾಡಿಕೋ," ಎಂದಳು.

ಮರಿ ಉಂಡೆ ತಿಂದು, ದುಂಡಗೆ ಬೆಳೆದು ಹೊರಬಂತು. ಅದನ್ನು ಕಂಡ ಹೆಣ್ಣುಗಳೆಲ್ಲ ತಮ್ಮ ತಮ್ಮ ಬಿಲದ ಬಾಯಲ್ಲಿ ತಲೆ ತಗ್ಗಿಸಿ ನಿಂತವು. ಎಲ್ಲರಿಗೂ ಕೊಂಬು ಬಂತು.

ಕೊಂಬಿನ ಹೆಣ್ಣುಗಳನ್ನು ಕಂಡು ಗಂಡುಗಳಿಗೆ ಕಾದಾಟ ಮರೆತೇಹೋಯಿತು. ಅವುಗಳ ಕೊಂಬು ಸಣ್ಣದಾಯಿತು. ಯಾವ ಹೆಣ್ಣಿನ ಕೊಂಬು ದೊಡ್ಡದು, ಯಾರ ಉಂಡೆ ಭದ್ರ ಎಂದು ಬಿಲದಿಂದ ಬಿಲಕ್ಕೆ ನೋಡುತ್ತ ಹೋದವು. ಕಲ್ಲವ್ವನ ಗಂಡನೂ ಮೀಸೆ ಒರೆಸಿಕೊಂಡು ಬಂದ.

"ನನ್ನನ್ನು ಒಳಗೆ ಬಿಡುತ್ತೀಯಾ?"

"ಮಣ್ಣು ಹೊರುತ್ತೀಯಾ?"

"ಹೊರುತ್ತೇನೆ."

"ಹಾಗಾದರೆ ಬಾ."

ಅದಕ್ಕೇ ಮಕ್ಕಳೇ, ಇವತ್ತಿಗೂ ಸಗಣಿಯ ಕೆಳಗೆ ಕೆಲವು ಜಾತಿಯ ಹುಳುಗಳಲ್ಲಿ ದೊಡ್ಡ ಕೊಂಬು ಕಂಡರೆ, ಅದು ಅಪ್ಪನದಲ್ಲ, ಅವ್ವನದು.