ರಾಜನಿಗೆ ಕೇಳಿಸಿದ ಕೂಗು

ಹಗಲುವೇಷದ ಜಂಬಯ್ಯ ಬೀದಿಗಿಳಿದರೆ ಊರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದರು. ಇವತ್ತು ಬೇಟೆಗಾರ, ನಾಳೆ ಬೈರಾಗಿ, ನಾಡಿದ್ದು ರಾಜ. ಮನೆಮನೆಯ ಮುಂದೆ ನಿಂತು ಹಾಡಿ, ಮಾತಾಡಿ, ಅವರು ಕೊಟ್ಟ ಜೋಳವನ್ನು ಜೋಳಿಗೆಗೆ ಹಾಕಿಸಿಕೊಂಡು ಮುಂದೆ ಹೋಗುವುದು ಅವನ ಕಸುಬು. ಅವನ ಮೇಳದಲ್ಲಿ ಒಂದು ಕಟ್ಟುಪಾಡಿತ್ತು. ಮುಖಕ್ಕೆ ಬಣ್ಣ ಹತ್ತಿದ ಮೇಲೆ, ಅದನ್ನು ತೊಳೆಯುವವರೆಗೂ, ಯಾರು ಹೆಸರು ಹಿಡಿದು ಕರೆದರೂ ಓಗೊಡುವಂತಿಲ್ಲ. ಸ್ವಂತ ಹೆಂಡತಿ ಎದುರಾದರೂ ಗುರುತಿಲ್ಲದವನ ಹಾಗೆ ನಡೆಯಬೇಕು. ಜಂಬಯ್ಯ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಅವನಿಗೆ ಅಷ್ಟು ಹೆಸರು ಬಂದದ್ದೂ ಅದರಿಂದಲೇ.

ಒಂದು ದಿನ ರಾಜನ ವೇಷ ಹಾಕಿ ಹೊಂಡದ ಪಕ್ಕದ ಬೀದಿಯಲ್ಲಿ ಹೊರಟಿದ್ದ. ಹಿಂದೆ ಹಿಂದೆ ಬರುತ್ತಿದ್ದ ಅವನ ಪುಟ್ಟ ಮಗಳು ಹೊನ್ನೂರಿ ಹೊಂಡದ ಮೆಟ್ಟಿಲಲ್ಲಿ ಜಾರಿ ನೀರಿಗೆ ಬಿದ್ದಳು. "ಅಪ್ಪಾ" ಎಂದು ಕೂಗಿದಳು. ರಾಜ ತಿರುಗಲಿಲ್ಲ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನೀರಿಗಿಳಿದು ಮಗುವನ್ನು ಎಳೆದು ದಂಡೆಗೆ ಹಾಕಿದಳು. ಪುಣ್ಯಕ್ಕೆ ಜೀವ ಉಳಿಯಿತು.

ಜನ ಬಾಯಿಗೆ ಬಂದಂತೆ ಬೈದರು. ಜಂಬಯ್ಯನದು ಎಲ್ಲರಿಗೂ ಒಂದೇ ಉತ್ತರ. "ಅಲ್ಲಿ ನಾ ಇರ್ಲೇ ಇಲ್ರಿ. ಇದ್ದಾಂವ ರಾಜ. ಅವಂಗೆಲ್ಲಿಯ ಮಗಳು?" ಎಂಥಾ ಕಲಾವಿದ ನೋಡಿ ಎಂದು ಹೊಗಳಿದವರೂ ಇದ್ದರು. ಹೊಗಳುವವರಿಗೇನು, ಮಗಳು ಅವರವಳಲ್ಲವಲ್ಲ.

ಸಂಜೆ ಮುಖ ತೊಳೆದು ಗುಡಿಸಲಿಗೆ ಬಂದಾಗ ಹೊನ್ನೂರಿ ತಾಯಿಯ ಹಿಂದೆ ಅವಿತುಕೊಂಡಳು. ಇಣುಕಿ ನೋಡಿ ಮೆಲ್ಲಗೆ ಕೇಳಿದಳು, "ಅವ್ವಾ, ಇದು ಯಾರ ವೇಷ?"

ಅಂದಿನಿಂದ ಹುಡುಗಿ ಅವನನ್ನು ಅಪ್ಪ ಎಂದು ಕರೆಯುವುದನ್ನೇ ಬಿಟ್ಟಳು. ಅವನಿಗೂ ತಲೆಯೊಳಗೆ ಹುಳ ಬಿಟ್ಟಂತಾಯಿತು. ಕನ್ನಡಿ ನೋಡಿದರೆ ಬೂದಿ ಬಳಿಯದ ಬೈರಾಗಿ ಕಾಣುತ್ತಿದ್ದ. ಅತ್ತರೆ, ಇದು ನನ್ನ ಅಳುವೋ ಕಲಿತ ಅಳುವೋ ಎಂಬ ಅನುಮಾನ. ಹೆಂಡತಿಯ ಜೊತೆ ಮಾತಾಡುವಾಗಲೂ ಗಂಡನ ಪಾತ್ರ ಮಾಡುತ್ತಿದ್ದೇನೆ ಅನಿಸುತ್ತಿತ್ತು. ವೇಷದ ಪೆಟ್ಟಿಗೆ ಮುಟ್ಟುವುದನ್ನೇ ಬಿಟ್ಟು ಮೂಲೆ ಹಿಡಿದ.

"ನೀ ಹಿಂಗ ಕುಂತ್ರ ಒಲಿ ಹೆಂಗ ಉರೀಬೇಕು?" ಎಂದಳು ಹೆಂಡತಿ.

"ನಾ ಯಾರು ಅನ್ನೋದ ಗೊತ್ತಿಲ್ಲ. ಯಾವ ಮಾರಿ ಹೊತ್ತು ಬೀದಿಗೆ ಹೋಗ್ಲಿ?"

ಗುಡ್ಡದ ಮೇಲಿನ ಮಠದಲ್ಲಿ ಶಿವಗಂಗಮ್ಮ ಎಂಬ ಮುದುಕಿಯಿದ್ದಳು. ವೇದಾಂತ ಅರೆದು ಕುಡಿದವಳೆಂದು ಜನ ಹೇಳುತ್ತಿದ್ದರು. ಜಂಬಯ್ಯ ಹೋಗಿ ಅವಳ ಕಾಲಿಗೆ ಬಿದ್ದ. ಅವಳು ಮೊರದಲ್ಲಿ ಸಜ್ಜೆ ಹಸನು ಮಾಡುತ್ತ ಅವನ ಕಥೆಯನ್ನೆಲ್ಲ ಕೇಳಿ, "ನೀನಲ್ಲದ್ದನ್ನೆಲ್ಲ ತಗದಿಟ್ಟು ಬಾ. ಉಳಿದದ್ದೇ ನೀನು" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಿದ್ದರು. ಇವನು ಬಣ್ಣದವನು. ತೆಗೆಯುವುದೆಂದರೆ ಉಜ್ಜಿ ತೆಗೆಯುವುದು ಎಂದಷ್ಟೇ ಗೊತ್ತು. ಹಳ್ಳಕ್ಕೆ ಹೋಗಿ ಸೀಗೆಪುಡಿ ಹಚ್ಚಿ, ಕೆನ್ನೆ ಕೆಂಪಾಗುವವರೆಗೆ ಮುಖ ತಿಕ್ಕಿದ. ಮೀಸೆ ಬೋಳಿಸಿದ. ಕೊರಳಿನ ತಾಯಿತ ಕಿತ್ತಿಟ್ಟ. ಅಂಗಿ ಬಿಚ್ಚಿ, ತುಂಡು ಬಟ್ಟೆ ಸುತ್ತಿಕೊಂಡು, ಚಳಿಗೆ ನಡುಗುತ್ತ ಬಂದು ನಿಂತ.

ಶಿವಗಂಗಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಚಲೋ ಆಗೈತಿ. ಈ ವೇಷಕ್ಕ ಏನಂತಾರ?"

ಜಂಬಯ್ಯ ಅಲ್ಲೇ ಕುಸಿದು ಕುಳಿತ. ಪಾಪ, ಇನ್ನು ತೆಗೆಯುವುದಕ್ಕೆ ಚರ್ಮವೊಂದೇ ಉಳಿದಿತ್ತು.

"ಅಮ್ಮಾರ, ನನಗೇನೂ ತಿಳೀವಲ್ದು. ತಗದಷ್ಟೂ ಒಳಗ ಇನ್ನೊಂದು ವೇಷ. ಕಡೀಕ ಒಳಗ ಯಾರೂ ಇಲ್ಲೇನೋ ಅಂತ ಅಂಜಿಕಿ ಬರ್ತೈತಿ. ಎಲ್ಲಾ ಗೊಂದಲ."

"ಗೊಂದಲ ಐತಿ ಅಂತ ಯಾರಿಗೆ ಗೊತ್ತಾತು?"

"ನನಗ."

"ಹಂಗಾರ ಒಳಗ ಒಬ್ಬಾಂವ ಇದ್ದಾನಲ್ಲ."

ಜಂಬಯ್ಯನಿಗೆ ಅರ್ಥವಾದಂತೆಯೂ ಇತ್ತು, ಆಗದಂತೆಯೂ ಇತ್ತು.

ಮುದುಕಿ ಮೊರ ಕೆಳಗಿಟ್ಟಳು. "ಇನ್ನೊಂದು ಕೇಳ್ತೀನಿ, ಖರೇ ಹೇಳು. ಅವತ್ತು ಮಗಳು ಕೂಗಿದ್ದು ಕೇಳಿಸಿತ್ತೇನು?"

ಅಲ್ಲಿಯವರೆಗೆ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಕೇಳಿದ್ದರು, ಅಷ್ಟೇ.

"ಕೇಳಿಸಿತ್ರಿ. ಒಂದು ಹೆಜ್ಜಿ ತಡದಿದ್ದೆ."

"ರಾಜಗ ಮಗಳಿಲ್ಲ ಅಂದಿದ್ದಿ. ಆ ದನಿ ನಿನ್ನ ಮಗಳದು ಅಂತ ಅವಂಗೆಂಗ ತಿಳೀತು?"

"ಅವಗಲ್ರಿ. ನನಗ ತಿಳೀತು."

"ಕಿರೀಟದ ಕೆಳಗೂ ನೀ ಇದ್ದಿ. ಬೇಟೆಗಾರನೊಳಗೂ ಇದ್ದಿ, ಬೈರಾಗಿಯೊಳಗೂ ಇದ್ದಿ. ಈಗ ಈ ಗೊಂದಲದೊಳಗೂ ಇದ್ದೀ. ಬಣ್ಣ ನಿನ್ನನ್ನ ಎಂದೂ ಮುಚ್ಚಿಲ್ಲ. ಕಳಕೊಂಡೀನಿ ಅಂತ ಹುಡುಕಾಕತ್ತಾಂವನೇ ನೀ ಹುಡುಕೋ ಆಸಾಮಿ. ನಿನ್ನೊಳಗ ಕುಂತು ಕೇಳೋದು ಯಾವುದೋ, ಆ ಕೂಸಿನೊಳಗ ಕುಂತು ಕೂಗಿದ್ದೂ ಅದೇ. ಎರಡಿಲ್ಲಪ್ಪ."

ಜಂಬಯ್ಯ ಅತ್ತ. ಈ ಸಲ ಅದು ಯಾರ ಅಳು ಎಂದು ಯೋಚಿಸಲು ಹೋಗಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಯಿತು. ಅದರ ಹಿಂದೆಯೇ ಇನ್ನೊಂದು ಭಾರ ಏರಿತು. ರಾಜನ ಮೇಲೆ ಹೊರಿಸಿದ್ದ ತಪ್ಪು ಈಗ ಅವನ ಹೆಗಲಿಗೇ ಬಂದಿತ್ತು. ಅವನಿಗೆ ಎಲ್ಲ ತಿಳಿದುಹೋಯಿತು ಎಂದರೆ ಸುಳ್ಳಾಗುತ್ತದೆ. ಗುಡ್ಡ ಇಳಿಯುವಾಗ ಅರ್ಧ ದಾರಿಯಲ್ಲಿ ಮತ್ತೆ ಗೊಂದಲವಾಯಿತು. ಆದರೆ ಗೊಂದಲವಾಗಿದೆ ಎಂದು ಅರಿತವನು ಇದ್ದೇ ಇದ್ದಾನೆ ಎಂಬುದೊಂದು ನೆನಪಿತ್ತು. ಅದನ್ನೇ ಹಿಡಿದುಕೊಂಡು ಮನೆ ಸೇರಿದ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು, ಮಗಳ ಎದುರಿಗೇ ಕುಳಿತು ಬಣ್ಣ ಹಚ್ಚತೊಡಗಿದ. ಹೊನ್ನೂರಿ ದೂರದಿಂದ ನೋಡುತ್ತಿದ್ದಳು. ಅರ್ಧ ಮುಖ ರಾಜನದಾಗಿತ್ತು, ಅರ್ಧ ಖಾಲಿಯಿತ್ತು. ಹುಡುಗಿ ತಡೆಯಲಾರದೆ ಕೇಳಿದಳು.

"ಈಗ ನೀ ಯಾರು?"

"ನಿನ್ನ ಮಾತು ಯಾರಿಗೆ ಕೇಳಸಾಕತ್ತೈತೋ, ಅಂವ."

"ಪೂರಾ ರಾಜ ಆದ ಮ್ಯಾಲೆ?"

"ಆಗೂ ಕೇಳಸ್ತೈತಿ." ಜಂಬಯ್ಯನ ಕೈ ನಿಂತಿತು. "ಅವತ್ತೂ ಕೇಳಿಸಿತ್ತವ್ವಾ. ಕೇಳಿಸಿಯೂ ನಾ ತಿರುಗಲಿಲ್ಲ. ತಪ್ಪು ರಾಜಂದಲ್ಲ, ನಂದು. ಇನ್ನ ಮ್ಯಾಲೆ ಯಾವ ವೇಷದಾಗಿದ್ರೂ ನೀ ಕರದ್ರ ಬರ್ತೀನಿ. ಮೇಳದವರು ಹೊರಗ ಹಾಕಿದ್ರ ಹಾಕ್ಲಿ."

ಅವನು ಉಳಿದರ್ಧ ಮುಖಕ್ಕೂ ಬಣ್ಣ ಹಚ್ಚಿದ, ಕಿರೀಟ ಇಟ್ಟ, ಕಟ್ಟುಮೀಸೆ ಕಟ್ಟಿಕೊಂಡ. ಕಣ್ಣೊಳಗೆ ನೀರು ತುಂಬಿದ್ದರಿಂದ ಕನ್ನಡಿ ಸರಿಯಾಗಿ ಕಾಣಲಿಲ್ಲ. ಎದ್ದು ಬಾಗಿಲಿಗೆ ಹೋದಾಗ ಹುಡುಗಿ ಓಡಿ ಬಂದು ರಾಜನ ನಿಲುವಂಗಿ ಜಗ್ಗಿದಳು.

"ಅಪ್ಪಾ, ನಿಲ್ಲು. ಮೀಸಿ ಸೊಟ್ಟ ಆಗೈತಿ."

ಅಪ್ಪ ನಿಂತ. ಅವಳ ಕೈಗೆ ಎಟುಕುವಷ್ಟು ಬಾಗಿದ.

ನೀತಿ: ವೇಷಗಳನ್ನು ಕಿತ್ತೆಸೆದರೆ ನಮಗೆ ನಾವು ಸಿಗುತ್ತೇವೆ ಎಂದುಕೊಳ್ಳುವುದು ಭ್ರಮೆ. ಎಲ್ಲ ವೇಷದೊಳಗೂ, ಎಲ್ಲ ಗೊಂದಲದೊಳಗೂ ಅವುಗಳನ್ನು ಅರಿಯುತ್ತಾ ಇರುವುದೇ ನಮ್ಮ ನಿಜ. ಅದು ಎಂದೂ ಕಳೆದುಹೋಗಿಲ್ಲ ಎಂದು ತಿಳಿಯುವುದೇ ಬಿಡುಗಡೆ. ಆ ಅರಿವು ಎಲ್ಲರಲ್ಲೂ ಒಂದೇ ಆದ್ದರಿಂದ, ಕೂಗಿದವರ ಕಡೆ ತಿರುಗದವನು ತನ್ನನ್ನೂ ಇನ್ನೂ ಅರಿತಿಲ್ಲ.