ಎಲೆ ಎತ್ತಿದ ಮೇಲೆ ಮುಂದಿನ ಪಂಕ್ತಿ

ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಒಂದು ಊರಿತ್ತು, ಅದೇ ನಮ್ಮೂರು. ಆ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಗುರುಸಿದ್ಧ ಮಾಸ್ತರರು ಕಂಪ್ಯೂಟರ್ ಕಲಿಸುತ್ತಿದ್ದರು. ಜಯಶೀಲಾ ಅವರ ಶಿಷ್ಯೆ. ಬಲು ಚುರುಕು, ಅಷ್ಟೇ ಹಟಮಾರಿ.

ಆ ಕಾಲದ ಕಂಪ್ಯೂಟರ್ ಕೋಣೆಯನ್ನು ಈಗಿನ ಮಕ್ಕಳು ಕಂಡಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಯಂತ್ರಕ್ಕೆ ಮದುಮಗಳ ಹಾಗೆ ಬಟ್ಟೆ ಹೊದಿಸಿರುತ್ತಿದ್ದರು. ಆಯುಧಪೂಜೆ ದಿನ ಅದಕ್ಕೂ ಚೆಂಡುಹೂವಿನ ಹಾರ. ಅದರ ಶಕ್ತಿ ಮಾತ್ರ ಅಷ್ಟಕ್ಕಷ್ಟೆ. ನಿಮ್ಮ ಕಿಸೆಯ ಫೋನು ಅದನ್ನು ನೋಡಿದರೆ ನಕ್ಕೀತು. ಆದರೂ ಆ ಕೋಣೆಯ ನೆನಪು ನನಗೆ ಇವತ್ತಿಗೂ ಹಸಿರು.

ಊರಿನಲ್ಲಿ ನಾರಾಯಣಸಾ ಎಂಬ ಫೋಟೋಗ್ರಾಫರ್ ಇದ್ದರು. ನಮ್ಮೂರಿನ ಮದುವೆ, ಮುಂಜಿ, ಶಾಲೆಯ ಗುಂಪುಫೋಟೋ ಎಲ್ಲವೂ ಅವರ ಕ್ಯಾಮೆರಾದ ಮುಂದೆಯೇ ಆದದ್ದು. ಅವರೇ ಮನೆಮನೆಗೆ ಹೋಗಿ ಆ ಹಳೆಯ ಫೋಟೋಗಳನ್ನು ಬೇಡಿ ತಂದು, ಸ್ಕ್ಯಾನ್ ಮಾಡಿಸಿ ಕಾಲೇಜಿನ ಕಂಪ್ಯೂಟರಿಗೆ ಏರಿಸಿ, ತಿರುಗಿ ಕೊಟ್ಟಿದ್ದರು. ಆಮೇಲೆ ಜನ ಊರು ಬಿಟ್ಟರು. ಫೋಟೋಗಳೂ ಅವರ ಜೊತೆ ದಿಕ್ಕಾಪಾಲಾಗಿ ಹೋದವು. ಇಡೀ ಊರು ಒಟ್ಟಿಗೆ ಉಳಿದದ್ದು ಆ ಒಂದು ಯಂತ್ರದಲ್ಲಿ ಮಾತ್ರ. ನಾನು ಹೇಳುತ್ತಿರುವ ದಿನದ ಮರುದಿನ ಅದನ್ನೂ ಎಲ್ಲ ಅಳಿಸಿ ಬೇರೆ ಕಾಲೇಜಿಗೆ ಸಾಗಿಸುವವರಿದ್ದರು. ಆ ದಿನ ಸಂಜೆಗೇ ಊರಿನ ಕರೆಂಟು ತೆಗೆಯುವುದೆಂದು ಡಂಗುರ ಬೇರೆ ಸಾರಿದ್ದರು. ಅಷ್ಟರೊಳಗೆ ಚಿತ್ರಗಳನ್ನೆಲ್ಲ ಚಿಕ್ಕದು ಮಾಡಿ ಫ್ಲಾಪಿ ಎಂಬ ಅಂಗೈಯಗಲದ ಡಿಸ್ಕುಗಳಿಗೆ ತುಂಬಿಕೊಳ್ಳಬೇಕಿತ್ತು.

ಚಿತ್ರ ಕುಗ್ಗಿಸುವ ಲೈಬ್ರರಿಯನ್ನು, ಅಂದರೆ ಆ ಕೆಲಸದ ಪ್ರೋಗ್ರಾಮುಗಳ ಕಂತೆಯನ್ನು, ಮಾಸ್ತರರೇ ಬರೆದಿದ್ದರು. ಒಂದು ಭಾಗ ಜಯಶೀಲಾಳ ಪಾಲಿಗೆ ಬಂದಿತ್ತು. ಚಿತ್ರವನ್ನು ಬಿಡಿಸಿ, ಕುಗ್ಗಿಸಿ, ಮಡಿಚುವ ಹೊತ್ತಿಗೆ ಯಂತ್ರದ ಮೆಮೊರಿಯಲ್ಲಿ ಒಂದಿಷ್ಟು ಜಾಗ ಬೇಕಾಗುತ್ತದೆ. ಆ ಜಾಗದ ಉಸ್ತುವಾರಿ ಅವಳದು.

"ಬೇಕಾದಷ್ಟು ಕೇಳು. ಚಿತ್ರ ಮುಗೀತಂದ್ರ ಎಲ್ಲಾ ಒಮ್ಮೆಲೆ ತಿರುಗಿ ಕೊಡು. ಜಾಗ ಸಾಲದಿದ್ರ ಸಾಲದು ಅಂತ ಹೇಳು. ಇಷ್ಟ ಸಾಕವಾ," ಅಂದಿದ್ದರು ಮಾಸ್ತರರು.

ಜಯಶೀಲಾಗೆ ಅದು ತೀರ ಸಪ್ಪೆ ಅನ್ನಿಸಿತು. ಹೇಗೂ ಮುಂದಿನ ಚಿತ್ರಕ್ಕೆ ಜಾಗ ಬೇಕು, ಹಿಡಿದದ್ದನ್ನು ಬಿಡುವುದೇಕೆ ಎಂದು ಲೆಕ್ಕ ಹಾಕಿದಳು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಬರಲಿರುವ ಚಿತ್ರಗಳಿಗೆಲ್ಲ ಮುಂಗಡ ಜಾಗ ಹಿಡಿಯುವಂತೆ ಬರೆದಳು. ಮಾಸ್ತರರು ನೋಡಿ ಅದನ್ನು ಹಾಗೆಯೇ ಲೈಬ್ರರಿಗೆ ಸೇರಿಸಿಕೊಂಡರು. ಬಿದ್ದರೆ ತಾನೇ ಏಳುತ್ತಾಳೆ ಎಂದುಕೊಂಡಿರಬೇಕು.

ಆ ದಿನ ಬೆಳಗ್ಗೆ ಕೆಲಸ ಶುರುವಾಯಿತು. ಮೊದಮೊದಲ ಚಿತ್ರಗಳು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗಿದವು. ಆಮೇಲೆ ಯಂತ್ರ ಮೊಂಡು ಹಿಡಿಯಿತು. ಒಂದೊಂದು ಚಿತ್ರದ ಅಳತೆ ಒಂದೊಂದು ತರಹ. ಹಳೆಯ ಜಾಗ ಹೊಸ ಚಿತ್ರಕ್ಕೆ ಹೊಂದುತ್ತಿರಲಿಲ್ಲ, ಪ್ರೋಗ್ರಾಮು ಹೊಸ ಜಾಗ ಕೇಳುತ್ತಿತ್ತು. ಹಳೆಯದನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಯಂತ್ರವೆಲ್ಲ ಟವೆಲ್ ಹಾಸಿದ ಖಾಲಿ ಸೀಟು, ಕೂರಲು ಮಾತ್ರ ಜಾಗವಿಲ್ಲ. ಆಫ್ ಮಾಡಿ ಆನ್ ಮಾಡಿದರೆ ನಾಲ್ಕು ಚಿತ್ರ ನಡೆದು ಮತ್ತೆ ಅದೇ ಹಾಡು. ಹೀಗಾದರೆ ಸಂಜೆಯೊಳಗೆ ಮುಗಿಯುವಂತಿರಲಿಲ್ಲ.

ನಾರಾಯಣಸಾ ಬಾಗಿಲಲ್ಲಿ ನಿಂತಿದ್ದರು. ಬೀದಿಯವರೆಲ್ಲ ಮನೆ ಖಾಲಿ ಮಾಡಿದ್ದರೂ ಅವರೊಬ್ಬರು ಮುಳುಗಡೆ ಆಫೀಸಿಗೆ ಸ್ಟುಡಿಯೋದ ಕೀಲಿ ಕೊಟ್ಟಿರಲಿಲ್ಲ. "ನಮ್ಮೂರು ಎರಡು ಸರ್ತಿ ಮುಳುಗತೈತೇನವಾ?" ಎಂದು ಕೇಳಿದರು. ಜಯಶೀಲಾ ಮತ್ತೊಮ್ಮೆ ಯಂತ್ರದ ಸ್ವಿಚ್ಚಿಗೆ ಕೈ ಹಾಕಿದಳು.

"ಊಟಕ್ಕ ಹೋಗಿ ಬಾ. ಹಸಿದ ತಲಿ ಓಡೂದಿಲ್ಲ," ಅಂದರು ಮಾಸ್ತರರು.

ಅಂದು ಮಠದ ಅಂಗಳದಲ್ಲಿ ಓಣಿಯವರ ಕೊನೆಯ ಊಟ. ಹೋದವರೂ ಮರಳಿ ಬಂದಿದ್ದರು. ಆ ಹೋಳಿಗೆಯ ಪರಿಮಳ, ಆ ಗದ್ದಲ, ಅಂಥ ಊಟ ನಾನು ಮತ್ತೆ ಉಂಡಿಲ್ಲ. ಮೊದಲ ಪಂಕ್ತಿ ಮುಗಿದಿತ್ತು. ಎರಡನೆಯ ಪಂಕ್ತಿಯವರು ಜಯಶೀಲಾಳ ಜೊತೆ ಕಾಯುತ್ತಾ ನಿಂತಿದ್ದರು. ಒಬ್ಬ ಯಜಮಾನರು ಮಾತ್ರ ಉಂಡ ಎಲೆಯ ಮುಂದೆಯೇ ಗಟ್ಟಿಯಾಗಿ ಕೂತು, ಪಕ್ಕದ ಎಲೆಗಳ ಮುಂದೆ ಟವೆಲ್ ಹಾಸಿದ್ದರು.

"ನಮ್ಮ ಬೀಗರು ಬರೋರದಾರ. ಜಾಗ ಹಿಡದೀನಿ," ಅಂದರು.

ಬಡಿಸುತ್ತಿದ್ದ ಗಂಗವ್ವ ನಕ್ಕಳು. "ಬೀಗರು ಬಂದಾಗ ಎಲಿ ಹಾಕ್ತೀವಿ ಬಿಡ್ರಿ. ಉಂಡವರು ಏಳ್ರಿ. ನೀವು ಎಲಿ ಎತ್ತದ ಈ ಮಂದಿ ಎಲ್ಲಿ ಕೂಡಬೇಕು?"

ಎಲ್ಲರೂ ನಕ್ಕರು. ಜಯಶೀಲಾ ನಗಲಿಲ್ಲ. ಹೋಳಿಗೆಗೂ ಕೂರದೆ ಕಾಲೇಜಿನ ಕಡೆ ಓಡಿದಳು.

ತಾನು ಜಾಣತನದಿಂದ ಬರೆದದ್ದನ್ನೆಲ್ಲ ಅಳಿಸಿದಳು. ಉಳಿದದ್ದು ಬೆರಳೆಣಿಕೆಯ ಸಾಲು. ಕೇಳು, ಸಾಲದಿದ್ದರೆ ಸಾಲದು ಅನ್ನು, ಬಳಸು, ಚಿತ್ರ ಮುಗಿದರೆ ಎಲ್ಲ ಎಲೆಗಳನ್ನೂ ಒಟ್ಟಿಗೆ ಎತ್ತು. ಬಾಗಿಲಲ್ಲಿದ್ದ ನಾರಾಯಣಸಾ ಅವರಿಗೂ ಅದನ್ನು ಬಿಡಿಸಿ ಹೇಳಿದಳು. ಯಂತ್ರ ಮತ್ತೆ ಹೊರಟಿತು. ಒಂದು ಚಿತ್ರ ಎದ್ದು ಹೋದರೆ ಇನ್ನೊಂದು ಬಂದು ಕೂರುತ್ತಿತ್ತು. ಬಾವಿಕಟ್ಟೆ ಬಂತು, ಬಟ್ಟೆ ಪೇಟೆ ಬಂತು, ಹೆಣ್ಣುಮಕ್ಕಳ ಶಾಲೆ ಬಂತು.

ಕೊನೆಗೆ ಇಡೀ ಓಣಿ ಸಾಲಾಗಿ ನಿಂತ ದೊಡ್ಡ ಫೋಟೋ. ಅದಕ್ಕೆ ಪ್ರೋಗ್ರಾಮು 'ಜಾಗ ಸಾಲದು' ಎಂದು ಕೂಡಲೇ ಹೇಳಿತು. ಹೇಳಿದ್ದೇ ಒಳ್ಳೆಯದಾಯಿತು, ಬೆಳಗಿನ ಹಾಗೆ ಸುಮ್ಮನೆ ಕಾಯುತ್ತಾ ಕೂರುವುದು ತಪ್ಪಿತು.

"ಎರಡು ತುಂಡು ಮಾಡಬೇಕಾಗತೈತ್ರಿ," ಅಂದಳು ಜಯಶೀಲಾ.

"ಮಂದಿ ಮ್ಯಾಲೆ ಕತ್ತರಿ ಬ್ಯಾಡವಾ. ನಡುವ ಬೇವಿನ ಗಿಡ ಐತಿ, ಅದರ ಮ್ಯಾಲೆ ಹಾಕು," ಅಂದರು ನಾರಾಯಣಸಾ.

ಹಾಗೆಯೇ ಮಾಡಿದಳು. ಕೊನೆಯ ಫ್ಲಾಪಿ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ಆ ಊರಿಗೆ ಮತ್ತೆ ಕರೆಂಟು ಬರಲಿಲ್ಲ.

ನಾರಾಯಣಸಾ ಕಪ್ಪು ಪರದೆಯನ್ನೇ ನೋಡುತ್ತಿದ್ದರು. "ಒಂದೊಂದು ಚಿತ್ರ ಆದಮ್ಯಾಲೂ ಎಲ್ಲಾ ಖಾಲಿ ಮಾಡಿದಿ ಅಂದ್ಯಲ್ಲವಾ. ಮತ್ತ ನಮ್ಮ ಮಂದಿ ಎಲ್ಲಿ ಅದಾರ?"

ಜಯಶೀಲಾ ಫ್ಲಾಪಿಗಳ ಡಬ್ಬಿಯನ್ನು ಅವರ ಕೈಗಿಟ್ಟಳು. "ಇದರಾಗ ಅದಾರ್ರೀ. ನಾ ಖಾಲಿ ಮಾಡಿದ್ದು ಜಾಗ ಅಷ್ಟ."

ಅವರು ಡಬ್ಬಿಯನ್ನು ಎದೆಗವಚಿಕೊಂಡರು. ಆಮೇಲೆ ಕಿಸೆಯಿಂದ ಸ್ಟುಡಿಯೋದ ಕೀಲಿ ತೆಗೆದು ಮಾಸ್ತರರಿಗೆ ಕೊಟ್ಟರು. "ನಾಳೆ ಮುಳುಗಡೆ ಆಫೀಸಿನವರು ಬಂದ್ರ ಕೊಟ್ಟಬಿಡ್ರಿ. ನಾನೂ ಎಲಿ ಎತ್ತತೀನಿ."

ನೀತಿ: ಬೇಕಾದಷ್ಟನ್ನೇ ಕೇಳಿ ಪಡೆ, ಕೆಲಸ ಮುಗಿದೊಡನೆ ಬಿಟ್ಟುಕೊಡು. ಬಾರದವರಿಗಾಗಿ ಹಿಡಿದಿಟ್ಟ ಜಾಗ ಬಂದವರನ್ನು ಹೊರಗೆ ನಿಲ್ಲಿಸುತ್ತದೆ. ಜಾಗ ಬಿಟ್ಟರೆ ಅಲ್ಲಿ ಬಾಳಿದ್ದು ಅಳಿಸಿಹೋಗುವುದಿಲ್ಲ. ಅದನ್ನು ಜೋಪಾನವಾಗಿ ಮಡಿಚಿ ಜೊತೆಗೆ ಒಯ್ಯಬಹುದು.